ಆನ್‌ಲೈನ್ ಹರಾಜಿನ ಖರೀದಿ: ದಾರಿಯಲ್ಲಿ ಜಖಂಗೊಂಡ ಸಾಮಗ್ರಿಗೆ ಹೊಣೆ ಯಾರು?

ಬೀದಿದೀಪ, ಅರಿವು ಕೇಂದ್ರದ ಗಣಕಯಂತ್ರ, ಯು.ಪಿ.ಎಸ್. ಬ್ಯಾಟರಿ, ಕೊಳವೆಬಾವಿಯ ಪಂಪು, ಕಸದ ಬುಟ್ಟಿ ಮುಂತಾದವುಗಳನ್ನು ಪೇಟೆಯ ಅಂಗಡಿಯಲ್ಲಿ ಮುಟ್ಟಿ ನೋಡಿ ತರುವ ಪದ್ಧತಿ ಕಡಿಮೆಯಾಗುತ್ತಿದೆ. ಈಗ ಇಂತಹ ಸಾಮಗ್ರಿಗಳ ದರವು ಅನೇಕ ವೇಳೆ ಆನ್‌ಲೈನ್ ವೇದಿಕೆಯಲ್ಲಿ ನಿರ್ಧಾರವಾಗುತ್ತದೆ. ಜೆಮ್ ಎಂದು ಕರೆಯಲಾಗುವ ಸರ್ಕಾರಿ ಇ-ಮಾರುಕಟ್ಟೆಯು 2016ರಲ್ಲಿ ಆರಂಭವಾದ ನಂತರ ಹಿಮ್ಮುಖ ಹರಾಜು ಎಂಬ ಮಾತು ಪಂಚಾಯಿತಿ ಕಚೇರಿಗಳಿಗೂ ಪರಿಚಿತವಾಗಿದೆ. ಸಾಮಾನ್ಯ ಹರಾಜಿನಲ್ಲಿ ಕೊಳ್ಳುವವರು ಬೆಲೆಯನ್ನು ಏರಿಸುತ್ತ ಹೋಗುತ್ತಾರೆ. ಹಿಮ್ಮುಖ ಹರಾಜಿನಲ್ಲಿ ಮಾರುವವರು ಬೆಲೆಯನ್ನು ಇಳಿಸುತ್ತ ಬರುತ್ತಾರೆ. ಕೊನೆಗೆ ಅತಿ ಕಡಿಮೆ ದರ ನಮೂದಿಸಿದವನು ಇನ್ನೊಂದು ಜಿಲ್ಲೆಯಲ್ಲಿಯೋ ಇನ್ನೊಂದು ರಾಜ್ಯದಲ್ಲಿಯೋ ಇರುತ್ತಾನೆ. ಸಾಮಗ್ರಿಯು ನೂರಾರು ಕಿಲೋಮೀಟರ್ ಲಾರಿಯಲ್ಲಿ ಬಂದು, ಕೊನೆಯ ಹತ್ತಾರು ಕಿಲೋಮೀಟರ್ ಗೂಡ್ಸ್ ಆಟೋದಲ್ಲಿ ಕುಲುಕಿ ಪಂಚಾಯಿತಿ ಬಾಗಿಲಿಗೆ ಬರುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳಬಹುದು. ಪಂಚಾಯಿತಿಯೊಂದು ತಲಾ 1,800 ರೂಪಾಯಿಯಂತೆ 60 ಎಲ್.ಇ.ಡಿ. ಬೀದಿದೀಪಗಳನ್ನು 1,08,000 ರೂಪಾಯಿಗೆ ಖರೀದಿಸಿತು ಎಂದಿಟ್ಟುಕೊಳ್ಳೋಣ. ಪೆಟ್ಟಿಗೆಗಳು ಭಾನುವಾರ ಬಂದವು. ಕಚೇರಿಯಲ್ಲಿದ್ದ ನೀರುಗಂಟಿ ಸಹಿ ಹಾಕಿ ಇಳಿಸಿಕೊಂಡರು. ಹದಿನೈದು ದಿನಗಳ ನಂತರ ಕಂಬಕ್ಕೆ ಅಳವಡಿಸಲು ತೆರೆದಾಗ 14 ದೀಪಗಳ ಗಾಜು ಬಿರಿದಿತ್ತು, ಕೆಲವು ಉರಿಯಲೇ ಇಲ್ಲ. ಅಷ್ಟರಲ್ಲಿ ಬಿಲ್ಲು ಪಾವತಿಯಾಗಿತ್ತು. ಮಾರಾಟಗಾರನು ಲಾರಿಯವನ ಮೇಲೆ ಹೇಳುತ್ತಾನೆ, ಲಾರಿಯವನು ಪ್ಯಾಕಿಂಗ್ ಸರಿಯಿರಲಿಲ್ಲ ಎನ್ನುತ್ತಾನೆ, ಇಬ್ಬರೂ ಸೇರಿ ಪಂಚಾಯಿತಿಯ ಸಹಿಯನ್ನು ತೋರಿಸುತ್ತಾರೆ. 25,200 ರೂಪಾಯಿ ನಷ್ಟ ಯಾರದು? ಹದಿನಾಲ್ಕು ಕಂಬಗಳ ಕೆಳಗೆ ಕತ್ತಲೆ ಇರುವವರೆಗೂ ವಾರ್ಡಿನ ಜನರು ಈ ಪ್ರಶ್ನೆಯನ್ನು ಕೇಳುವುದು ಲಾರಿಯವನನ್ನಲ್ಲ, ಸದಸ್ಯರನ್ನು. ಮುಂದೆ ಲೆಕ್ಕಪರಿಶೋಧನೆಯಲ್ಲಿ ಅದೇ ಪ್ರಶ್ನೆ ಆಕ್ಷೇಪಣೆಯ ಕಂಡಿಕೆಯಾಗಿ ಬರುತ್ತದೆ.

ಕಾನೂನು ಏನು ಹೇಳುತ್ತದೆ

ಈ ವಿಷಯದಲ್ಲಿ ಮೂಲ ಕಾನೂನು 1930ರ ಸರಕು ಮಾರಾಟ ಅಧಿನಿಯಮ. ಅದರ 26ನೇ ಪ್ರಕರಣದಂತೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಸರಕಿನ ಒಡೆತನ ಯಾರಲ್ಲಿದೆಯೋ ನಷ್ಟದ ಹೊಣೆಯೂ ಅವರಲ್ಲಿಯೇ ಇರುತ್ತದೆ. ಒಡೆತನವು ಮಾರಾಟಗಾರನಿಂದ ಖರೀದಿದಾರನಿಗೆ ದಾಟಿದ ಕ್ಷಣದಲ್ಲಿ ಹೊಣೆಯೂ ದಾಟುತ್ತದೆ. ಸರಕು ಇನ್ನೂ ಕೈಗೆ ಬಂದಿದೆಯೇ ಇಲ್ಲವೇ ಎಂಬುದು ಅಲ್ಲಿ ಮುಖ್ಯವಲ್ಲ. ಬೇರೆ ಷರತ್ತಿಲ್ಲದಿದ್ದರೆ, ಖರೀದಿದಾರನಿಗೆ ತಲುಪಿಸಲೆಂದು ಸರಕನ್ನು ಸಾಗಣೆದಾರನಿಗೆ ಒಪ್ಪಿಸಿದರೆ ಅದನ್ನು ಮೇಲ್ನೋಟಕ್ಕೆ ಖರೀದಿದಾರನಿಗೇ ಒಪ್ಪಿಸಿದಂತೆ ಎಂದು 39ನೇ ಪ್ರಕರಣವು ಭಾವಿಸುತ್ತದೆ. ಅಂದರೆ, ಸರಬರಾಜು ಆದೇಶದಲ್ಲಿ ವಿತರಣಾ ಸ್ಥಳದ ಬಗ್ಗೆ ಏನನ್ನೂ ಬರೆಯದ ಪಂಚಾಯಿತಿಯು, ಪೆಟ್ಟಿಗೆ ದೂರದ ಊರಿನಲ್ಲಿ ಲಾರಿ ಏರಿದ ಗಳಿಗೆಯಿಂದಲೇ ನಷ್ಟದ ಹೊಣೆ ಹೊತ್ತುಕೊಳ್ಳುವ ಅಪಾಯವಿದೆ. ಇದು ಅನೇಕರಿಗೆ ಅಚ್ಚರಿಯೆನಿಸಬಹುದು. ಸಾಮಾನ್ಯ ತಿಳಿವಳಿಕೆ ಇದಕ್ಕೆ ವಿರುದ್ಧವಾಗಿದೆ.

ಆದರೆ ಅದೇ 39ನೇ ಪ್ರಕರಣದ ಎರಡನೆಯ ಉಪಪ್ರಕರಣವು ಖರೀದಿದಾರನಿಗೆ ರಕ್ಷಣೆಯನ್ನೂ ಒದಗಿಸಿದೆ. ಸರಕಿನ ಸ್ವರೂಪವನ್ನು ಗಮನಿಸಿ ಯುಕ್ತವಾದ ರೀತಿಯಲ್ಲಿ ಸಾಗಣೆಯ ಕರಾರು ಮಾಡಿಕೊಳ್ಳುವುದು ಮಾರಾಟಗಾರನ ಕರ್ತವ್ಯ. ಗಾಜಿನ ಸಾಮಾನನ್ನು ಸಿಮೆಂಟ್ ಚೀಲಗಳೊಂದಿಗೆ ಕಳುಹಿಸಿ, ಅದು ಒಡೆದರೆ, ಸಾಗಣೆದಾರನಿಗೆ ಒಪ್ಪಿಸಿದ್ದನ್ನು ತನಗೆ ಒಪ್ಪಿಸಿದಂತೆ ಎಂದು ಒಪ್ಪಲು ಖರೀದಿದಾರನು ನಿರಾಕರಿಸಬಹುದು ಅಥವಾ ಮಾರಾಟಗಾರನಿಂದ ಪರಿಹಾರ ಕೇಳಬಹುದು.

40ನೇ ಪ್ರಕರಣವು ಇನ್ನೊಂದು ಸೂಕ್ಷ್ಮವನ್ನು ಹೇಳುತ್ತದೆ. ಮಾರಾಟಗಾರನು ತನ್ನ ಹೊಣೆಯಲ್ಲೇ ದೂರದ ಸ್ಥಳಕ್ಕೆ ತಲುಪಿಸಲು ಒಪ್ಪಿದ್ದರೂ, ಸಾಗಣೆಯಲ್ಲಿ ಸಹಜವಾಗಿ ಅನಿವಾರ್ಯವಾಗಿ ಆಗುವ ಕ್ಷೀಣತೆ ಖರೀದಿದಾರನದೇ. ಪಂಚಾಯಿತಿಗೆ ಚೆನ್ನಾಗಿ ಗೊತ್ತಿರುವ ಬ್ಲೀಚಿಂಗ್ ಪೌಡರ್ ಇದಕ್ಕೆ ಉದಾಹರಣೆ. ಬಿಸಿಲಿನಲ್ಲಿ ಸಾಗುವಾಗ ಅದರಲ್ಲಿನ ಕ್ಲೋರಿನ್ ಅಂಶ ಸ್ವಲ್ಪಮಟ್ಟಿಗೆ ತಾನಾಗಿಯೇ ಕಡಿಮೆಯಾಗುತ್ತದೆ. ಅದಕ್ಕೆ ಯಾರನ್ನೂ ದೂರುವಂತಿಲ್ಲ. ಚೀಲ ಹರಿದು ಮಳೆಯಲ್ಲಿ ನೆನೆದು ಗಟ್ಟಿಯಾದರೆ ಅದು ಸಹಜ ಕ್ಷೀಣತೆಯಲ್ಲ, ಹಾನಿ. ತಲುಪಿದ ಸ್ಥಳದಲ್ಲಿ ಕ್ಲೋರಿನ್ ಅಂಶ ಇಷ್ಟಕ್ಕಿಂತ ಕಡಿಮೆ ಇರಬಾರದು ಎಂದು ಆದೇಶದಲ್ಲಿಯೇ ಬರೆದರೆ ಈ ಚರ್ಚೆಯೇ ಉಳಿಯುವುದಿಲ್ಲ.

ಮೇಲಿನ ಎಲ್ಲ ಪ್ರಕರಣಗಳಲ್ಲಿಯೂ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ಬೇರೆ ಒಪ್ಪಂದವಿಲ್ಲದಿದ್ದಲ್ಲಿ. ಆದುದರಿಂದ ನಷ್ಟ ಯಾರದು ಎಂಬುದನ್ನು ಅಂತಿಮವಾಗಿ ತೀರ್ಮಾನಿಸುವುದು ಸರಬರಾಜು ಆದೇಶದ ಒಂದೆರಡು ಸಾಲುಗಳು. ಜೆಮ್ ವೇದಿಕೆಯ ಸಾಮಾನ್ಯ ಷರತ್ತುಗಳಲ್ಲಿ ದರವು ಸರಕು ಸ್ವೀಕರಿಸುವವರ ಸ್ಥಳಕ್ಕೆ ತಲುಪಿಸುವವರೆಗಿನ ಎಲ್ಲ ವೆಚ್ಚವನ್ನು ಒಳಗೊಂಡಿರುತ್ತದೆ. ಹೀಗಾಗಿ ಅಲ್ಲಿ ದಾರಿಯ ಹಾನಿ ಮಾರಾಟಗಾರನದೇ. ಕೊಟೇಶನ್ ಪಡೆದು ಅಥವಾ ಬೇರೆ ವೇದಿಕೆಯಲ್ಲಿ ಕೊಳ್ಳುವಾಗ ಈ ರಕ್ಷಣೆ ತಾನಾಗಿ ಬರುವುದಿಲ್ಲ. “ಪಂಚಾಯಿತಿ ಕಚೇರಿಯ ಆವರಣದಲ್ಲಿ ಸುಸ್ಥಿತಿಯಲ್ಲಿ ಇಳಿಸಿ, ಪರಿಶೀಲಿಸಿ ಅಂಗೀಕರಿಸುವವರೆಗೆ ಎಲ್ಲ ನಷ್ಟದ ಹೊಣೆ ಸರಬರಾಜುದಾರರದು, ಜಖಂಗೊಂಡ ಸಾಮಗ್ರಿಯನ್ನು ಅವರ ವೆಚ್ಚದಲ್ಲಿಯೇ ಬದಲಾಯಿಸತಕ್ಕದ್ದು” ಎಂಬ ಒಂದು ವಾಕ್ಯವನ್ನು ಪ್ರತಿ ಆದೇಶದಲ್ಲಿಯೂ ಸೇರಿಸುವುದು ಅಗತ್ಯ. ಖರೀದಿಯ ಪ್ರಸ್ತಾವ ಸಾಮಾನ್ಯ ಸಭೆಗೆ ಬಂದಾಗ ದರವನ್ನಷ್ಟೇ ಕೇಳದೆ ಈ ವಾಕ್ಯ ಇದೆಯೇ ಎಂದು ಕೇಳಲು ಸದಸ್ಯರಿಗೆ ಪೂರ್ಣ ಹಕ್ಕಿದೆ.

ಪೆಟ್ಟಿಗೆ ಬಂದ ದಿನ

ಷರತ್ತು ಎಷ್ಟೇ ಬಿಗಿಯಾಗಿದ್ದರೂ, ಸರಕು ಇಳಿಯುವ ಅರ್ಧ ಗಂಟೆಯಲ್ಲಿ ಅದನ್ನು ಕಳೆದುಕೊಳ್ಳಲು ಸಾಧ್ಯ. ಇಲ್ಲಿ ಎರಡು ಪದಗಳ ನಡುವಿನ ಅಂತರವನ್ನು ಅರಿಯಬೇಕು: ಸ್ವೀಕೃತಿ ಮತ್ತು ಅಂಗೀಕಾರ. ಪೆಟ್ಟಿಗೆ ಬಂದಿದೆ ಎಂದು ಸಹಿ ಹಾಕುವುದು ಸ್ವೀಕೃತಿ. ಒಳಗಿನ ಸಾಮಗ್ರಿ ಆದೇಶದಂತೆ ಸರಿಯಿದೆ ಎಂದು ಒಪ್ಪುವುದು ಅಂಗೀಕಾರ. ಅಧಿನಿಯಮದ 41ನೇ ಪ್ರಕರಣದಂತೆ, ಪರಿಶೀಲಿಸಲು ಯುಕ್ತ ಅವಕಾಶ ದೊರೆಯುವವರೆಗೆ ಖರೀದಿದಾರನು ಸರಕನ್ನು ಅಂಗೀಕರಿಸಿದನೆಂದು ಭಾವಿಸುವಂತಿಲ್ಲ. ಆದುದರಿಂದ ಮೇಲಿನ ಉದಾಹರಣೆಯಲ್ಲಿ ನೀರುಗಂಟಿಯ ಸಹಿಯಿಂದ ಪಂಚಾಯಿತಿಯ ಹಕ್ಕು ನಾಶವಾಗಲಿಲ್ಲ. ಅದನ್ನು ನಾಶಮಾಡಿದ್ದು ಆನಂತರದ ಹದಿನೈದು ದಿನಗಳ ಮೌನ ಮತ್ತು ಪೆಟ್ಟಿಗೆ ತೆರೆಯದೆ ಮಾಡಿದ ಪಾವತಿ. ತಿರಸ್ಕರಿಸುವುದಾಗಿ ತಿಳಿಸದೆ ಯುಕ್ತ ಕಾಲ ಮೀರಿ ಸರಕನ್ನು ಇಟ್ಟುಕೊಂಡರೆ ಅದು ಅಂಗೀಕಾರವೇ ಎಂದು 42ನೇ ಪ್ರಕರಣ ಹೇಳುತ್ತದೆ. ಒಮ್ಮೆ ಅಂಗೀಕಾರವಾದರೆ ಸಾಮಾನ್ಯವಾಗಿ ಸರಕನ್ನು ಹಿಂದಿರುಗಿಸುವ ಹಕ್ಕು ಹೋಗಿ ಪರಿಹಾರ ಕೇಳುವ ಹಕ್ಕು ಮಾತ್ರ ಉಳಿಯುತ್ತದೆ. ಹಣ ಕೈಬಿಟ್ಟ ಮೇಲೆ ಪರಿಹಾರ ಕೇಳುವುದು ಎಷ್ಟು ಕಷ್ಟವೆಂಬುದನ್ನು ವಿವರಿಸಬೇಕಾಗಿಲ್ಲ.

ಜೆಮ್ ವ್ಯವಸ್ಥೆಯು ಈ ಅಂತರವನ್ನು ಎರಡು ಪ್ರತ್ಯೇಕ ಪತ್ರಗಳಲ್ಲಿ ತೋರಿಸುತ್ತದೆ. ಪಿ.ಆರ್.ಸಿ. ಎಂಬುದು ತಾತ್ಕಾಲಿಕ ಸ್ವೀಕೃತಿ ಪತ್ರ. ಸರಕು ಬಂದಿದೆ ಎಂಬುದಷ್ಟೇ ಅದರ ಅರ್ಥ. ಸಿ.ಆರ್.ಎ.ಸಿ. ಎಂಬುದು ಪರಿಶೀಲನೆಯ ನಂತರ ನೀಡುವ ಸ್ವೀಕೃತಿ ಮತ್ತು ಅಂಗೀಕಾರ ಪತ್ರ. ಇದಕ್ಕೆ 10 ದಿನಗಳ ಅವಧಿ ಇದೆ, ಪಾವತಿಗೆ ಆಧಾರವೂ ಇದೇ. ಇದರಲ್ಲಿ ಅಂಗೀಕರಿಸಿದ ಸಂಖ್ಯೆಯನ್ನೂ ತಿರಸ್ಕರಿಸಿದ ಸಂಖ್ಯೆಯನ್ನೂ ಬೇರೆ ಬೇರೆಯಾಗಿ ನಮೂದಿಸಲು ಅವಕಾಶವಿದೆ. 60ರಲ್ಲಿ 46 ಅಂಗೀಕಾರ, 14 ತಿರಸ್ಕಾರ ಎಂದು ಕಾರಣಸಹಿತ ಬರೆದರೆ ಪಾವತಿ 46ಕ್ಕೆ ಮಾತ್ರ ಆಗುತ್ತದೆ. 10 ದಿನಗಳನ್ನು ಪೆಟ್ಟಿಗೆಯನ್ನು ಮೂಲೆಯಲ್ಲಿ ಇಟ್ಟು ಕಾಯಲು ಕೊಟ್ಟಿಲ್ಲ, ತೆರೆದು ನೋಡಲು ಕೊಟ್ಟಿದ್ದಾರೆ.

ಇಳಿಸುವಾಗ ಮಾಡಬೇಕಾದುದು ಕಷ್ಟವಲ್ಲ. ಲಾರಿ ರಸೀದಿಯಲ್ಲಿರುವ ಬಂಡಲುಗಳ ಸಂಖ್ಯೆಯನ್ನು ಎಣಿಸಬೇಕು. ಪೆಟ್ಟಿಗೆಯ ಮೂಲೆ ಕುಸಿದಿದ್ದರೆ, ಟೇಪು ಬಿಚ್ಚಿ ಮತ್ತೆ ಅಂಟಿಸಿದಂತಿದ್ದರೆ, ಒದ್ದೆಯಾಗಿದ್ದರೆ, ಒಳಗೆ ಗಾಜಿನ ಸದ್ದು ಬಂದರೆ ವಾಹನ ಹೊರಡುವ ಮೊದಲೇ ಚಾಲಕನ ಪ್ರತಿಯ ಮೇಲೆ “3ನೇ ಪೆಟ್ಟಿಗೆ ಜಖಂ, ಪರಿಶೀಲನೆಗೆ ಒಳಪಟ್ಟು ಸ್ವೀಕರಿಸಿದೆ” ಎಂದು ಬರೆದು ಸಹಿ ಮಾಡಬೇಕು. ಚಾಲಕನು ಬರೆಯಬೇಡಿ, ಕಂಪನಿಗೆ ಫೋನ್ ಮಾಡಿ ಹೇಳಿ ಎನ್ನುವುದುಂಟು. ಫೋನಿನ ಮಾತು ಕಡತದಲ್ಲಿ ಉಳಿಯುವುದಿಲ್ಲ, ಬರೆದದ್ದು ಉಳಿಯುತ್ತದೆ. ಪೆಟ್ಟಿಗೆ ತೆರೆಯುವ ಮೊದಲು, ತೆರೆಯುವಾಗ ಮತ್ತು ತೆರೆದ ನಂತರ ಮೊಬೈಲಿನಲ್ಲಿ ಚಿತ್ರ ತೆಗೆದು, ವಿಳಾಸ ಚೀಟಿ ಹಾಗೂ ಕ್ರಮಸಂಖ್ಯೆ ಕಾಣುವಂತೆ ಇಡಬೇಕು. ಈ ಕೆಲಸಕ್ಕೆ ಕಾರ್ಯದರ್ಶಿ, ಕರವಸೂಲಿಗಾರ, ನೀರುಗಂಟಿ ಮೂವರಿಗೂ ಮೊದಲೇ ತಿಳಿಸಿಟ್ಟರೆ ಭಾನುವಾರದ ಲಾರಿಯೂ ತೊಂದರೆ ಕೊಡದು.

ಹೊರಗೆ ಕಾಣದ ಹಾನಿಯೇ ಹೆಚ್ಚು ಅಪಾಯಕಾರಿ. ಎಲ್.ಇ.ಡಿ. ದೀಪದ ಹೊರಕವಚ ನೆಟ್ಟಗಿದ್ದರೂ ಒಳಗಿನ ಡ್ರೈವರ್ ಕುಲುಕಾಟದಿಂದ ಬೆಸುಗೆ ಬಿಟ್ಟಿರಬಹುದು. ಕಚೇರಿಯ ಪ್ಲಗ್ಗಿಗೆ ಜೋಡಿಸಿ ಒಂದೊಂದನ್ನೂ ಉರಿಸಿ ನೋಡದೆ ಇದು ತಿಳಿಯದು. ಬ್ಯಾಟರಿಯನ್ನು ಮಗುಚಿ ಸಾಗಿಸಿದ್ದರೆ ಆಮ್ಲ ಸೋರಿ ಪೆಟ್ಟಿಗೆಯ ತಳ ಕಪ್ಪಾಗಿರುತ್ತದೆ. ಸಬ್‌ಮರ್ಸಿಬಲ್ ಪಂಪನ್ನು ಎರಡು ತುದಿಗಳಿಗೆ ಮಾತ್ರ ಆಧಾರ ಕೊಟ್ಟು ಮಲಗಿಸಿ ತಂದಿದ್ದರೆ ಶಾಫ್ಟು ಬಾಗಿರಬಹುದು. ಕೊಳವೆಬಾವಿಗೆ ಇಳಿಸುವ ಮೊದಲು ಕೈಯಿಂದ ತಿರುಗಿಸಿ ನೋಡಿ, ಮೆಗ್ಗರ್‌ನಿಂದ ವೈಂಡಿಂಗ್‌ನ ನಿರೋಧವನ್ನು ಅಳೆಯಬೇಕು. ಇಳಿಸಿದ ನಂತರ ಸುಟ್ಟರೆ ಅದು ದಾರಿಯ ಹಾನಿಯೋ ವೋಲ್ಟೇಜಿನ ದೋಷವೋ ಎಂದು ಹೇಳುವವರು ಸಿಗುವುದಿಲ್ಲ. ಸೌರಫಲಕ ಎಲ್ಲಕ್ಕಿಂತ ಕಪಟಿ. ಗಾಜಿಗೆ ಏನೂ ಆಗದೆ ಒಳಗಿನ ಸಿಲಿಕಾನ್ ಬಿಲ್ಲೆಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬಿದ್ದಿರಬಹುದು. ಮೊದಲ ದಿನ ಬೆಳಕು ಬರುತ್ತದೆ, ತಿಂಗಳುಗಳ ನಂತರ ಶಕ್ತಿ ಕುಂದುತ್ತದೆ. ಇಂತಹ ಹಾನಿಯನ್ನು ಸ್ವೀಕರಿಸುವ ದಿನ ಹಿಡಿಯುವುದು ಪಂಚಾಯಿತಿಗೆ ಸಾಧ್ಯವಿಲ್ಲ. ಆದ್ದರಿಂದ ಖಾತರಿ ಅವಧಿಯಲ್ಲಿ ಉತ್ಪಾದನೆ ಇಷ್ಟಕ್ಕಿಂತ ಇಳಿದರೆ ಬದಲಿಸಿಕೊಡಬೇಕೆಂಬ ಷರತ್ತು, ಮತ್ತು ಫಲಕಗಳನ್ನು ನಿಲ್ಲಿಸಿಯೇ ಸಾಗಿಸಬೇಕೋ ಮಲಗಿಸಿಯೇ ಸಾಗಿಸಬೇಕೋ ಎಂಬ ಬಗ್ಗೆ ತಯಾರಕರ ಸೂಚನೆ ಪಾಲಿಸಬೇಕೆಂಬ ಷರತ್ತು ಬಿಡ್‌ನಲ್ಲಿಯೇ ಇರಬೇಕು.

ತಿರಸ್ಕರಿಸಿದ ಸಾಮಗ್ರಿಯನ್ನು ಪಂಚಾಯಿತಿಯು ತನ್ನ ಖರ್ಚಿನಲ್ಲಿ ಹಿಂದಿರುಗಿಸಬೇಕಾಗಿಲ್ಲ. ತಿರಸ್ಕರಿಸಿರುವುದಾಗಿ ತಿಳಿಸಿದರೆ ಸಾಕು ಎಂದು 43ನೇ ಪ್ರಕರಣ ಹೇಳುತ್ತದೆ. ಆದರೆ ಆ ಸಾಮಗ್ರಿಯನ್ನು ಬಳಸಬಾರದು, ದಾಸ್ತಾನು ವಹಿಗೆ ತೆಗೆದುಕೊಳ್ಳಬಾರದು. 14ರಲ್ಲಿ ಉರಿಯುವ ಎರಡನ್ನು ಜಾತ್ರೆಗೆಂದು ಕಂಬಕ್ಕೆ ಹಾಕಿದರೆ ಆ ಎರಡನ್ನು ಅಂಗೀಕರಿಸಿದಂತೆಯೇ. ಬದಲಿ ಸಾಮಗ್ರಿ ನಿಗದಿತ ಅವಧಿಯ ನಂತರ ಬಂದಲ್ಲಿ ವಿಳಂಬದ ಕಡಿತವೂ ಅನ್ವಯವಾಗುತ್ತದೆ. ಜೆಮ್‌ನಲ್ಲಿ ಇದು ವಿಳಂಬವಾದ ಭಾಗದ ಮೌಲ್ಯದ ಮೇಲೆ ವಾರಕ್ಕೆ ಶೇ. 0.5, ಗರಿಷ್ಠ ಶೇ. 10. 25,200 ರೂಪಾಯಿಗೆ ವಾರಕ್ಕೆ 126 ರೂಪಾಯಿ ಮಾತ್ರ. ಮೊತ್ತ ಅಲ್ಪವಾದರೂ ಕಡಿತ ಮಾಡದಿದ್ದಲ್ಲಿ ಲೆಕ್ಕಪರಿಶೋಧಕರು ಬಿಡುವುದಿಲ್ಲ. ಮಾರಾಟಗಾರನು ಸ್ಪಂದಿಸದಿದ್ದರೆ ವೇದಿಕೆಯಲ್ಲಿಯೇ ಇನ್ಸಿಡೆಂಟ್ ದಾಖಲಿಸುವ ಅವಕಾಶವಿದೆ.

ಲಾರಿಯವನನ್ನು ಕೇಳಬಹುದೇ

ಕೇಳಬಹುದು, ಆದರೆ ಅದು ಪಂಚಾಯಿತಿಗೆ ಮೊದಲ ದಾರಿಯಾಗಬಾರದು. ಸಾಗಣೆಯ ಕರಾರು ಸಾಮಾನ್ಯವಾಗಿ ಮಾರಾಟಗಾರ ಮತ್ತು ಸಾಗಣೆದಾರರ ನಡುವೆ ಇರುತ್ತದೆ. 2007ರ ರಸ್ತೆ ಮೂಲಕ ಸರಕು ಸಾಗಣೆ ಅಧಿನಿಯಮದಂತೆ ಹಾನಿಗೆ ಪರಿಹಾರ ಕೇಳುವವರು ಸಾಗಣೆದಾರನ ನಿರ್ಲಕ್ಷ್ಯವನ್ನು ಸಾಬೀತುಪಡಿಸಬೇಕಾಗಿಲ್ಲ, ಇದು ಅನುಕೂಲ. ಆದರೆ ಸರಕು ಬುಕ್ ಆದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ನೀಡದಿದ್ದರೆ ದಾವೆ ಹೂಡುವಂತಿಲ್ಲ. ಇನ್ನೂ ಮುಖ್ಯವಾದುದು ಪರಿಹಾರದ ಮಿತಿ. ಹೆಚ್ಚಿನ ಮೌಲ್ಯದ ಹೊಣೆಯನ್ನು ಮೊದಲೇ ಬರೆಸಿ ಅದಕ್ಕೆ ತಕ್ಕ ದರ ತೆರದಿದ್ದಲ್ಲಿ, 2011ರ ನಿಯಮಗಳಂತೆ ಹೊಣೆಯು ಸಾಗಣೆ ಬಾಡಿಗೆಯ 10 ಪಟ್ಟಿಗೆ ಸೀಮಿತ. 60 ದೀಪಗಳ ಬಾಡಿಗೆ 1,200 ರೂಪಾಯಿ ಆಗಿದ್ದರೆ ಸಿಗುವ ಗರಿಷ್ಠ ಪರಿಹಾರ 12,000 ರೂಪಾಯಿ, ನಷ್ಟವಾದರೋ 25,200. ಸಾಗಣೆದಾರನೊಂದಿಗೆ ಜಗಳವಾಡುವುದನ್ನು ಮಾರಾಟಗಾರನಿಗೇ ಬಿಡುವುದು ಲೇಸು.

ಈ ಸಂದರ್ಭದಲ್ಲಿ ಒಂದು ಮಾತನ್ನು ಹೇಳಲೇಬೇಕು. ಹಿಮ್ಮುಖ ಹರಾಜಿನಲ್ಲಿ ದರ ಇಳಿದಷ್ಟೂ ಸಭೆಯಲ್ಲಿ ಸಂತೋಷ ಉಂಟಾಗುತ್ತದೆ. ಆದರೆ ಕೊನೆಯ ಸುತ್ತಿನಲ್ಲಿ ಇಳಿದ ಐವತ್ತು ರೂಪಾಯಿ ದೀಪದ ಗುಣಮಟ್ಟದಿಂದ ಬರಲು ಅವಕಾಶವಿಲ್ಲ, ಏಕೆಂದರೆ ಅದಕ್ಕೆ ನಿರ್ದಿಷ್ಟ ಮಾನದಂಡವಿದೆ. ಅದು ಬರುವುದು ಮಾನದಂಡವಿಲ್ಲದ ಕಡೆಯಿಂದ: ಥರ್ಮಾಕೋಲ್ ತೆಳುವಾಗುತ್ತದೆ, ಐದು ಪದರದ ರಟ್ಟು ಮೂರು ಪದರಕ್ಕೆ ಇಳಿಯುತ್ತದೆ, ಮರದ ಚೌಕಟ್ಟು ಮಾಯವಾಗುತ್ತದೆ, ವಿಮೆ ಕೈಬಿಡಲಾಗುತ್ತದೆ. ಪ್ಯಾಕಿಂಗ್ ಮತ್ತು ಸಾಗಣೆ ವಿಮೆಯನ್ನು ಬಿಡ್‌ನ ತಾಂತ್ರಿಕ ವಿವರದಲ್ಲಿ ಸೇರಿಸಿದರೆ ಎಲ್ಲ ಬಿಡ್ಡುದಾರರಿಗೂ ಅದು ಸಮಾನ ವೆಚ್ಚವಾಗುತ್ತದೆ. ಸರಿಯಾಗಿ ಕಟ್ಟಿ ಕಳುಹಿಸುವವನು ಹರಾಜಿನಲ್ಲಿ ಸೋಲುವ ಸ್ಥಿತಿ ತಪ್ಪುತ್ತದೆ.

ಪಂಚಾಯಿತಿಯೇ ಮಾರುವಾಗ

ಹಳೆಯ ಪೈಪು, ಕೆಟ್ಟ ಮೋಟಾರು, ಗುಜರಿ ವಾಹನ, ಒಣಕಸದಿಂದ ಬೇರ್ಪಡಿಸಿದ ವಸ್ತುಗಳನ್ನು ಪಂಚಾಯಿತಿಯು ಆನ್‌ಲೈನ್ ಹರಾಜಿನಲ್ಲಿ ಮಾರಿದಾಗ ಪಾತ್ರಗಳು ಅದಲುಬದಲಾಗುತ್ತವೆ. ಇಲ್ಲಿ “ಇದ್ದಲ್ಲಿಯೇ, ಇದ್ದ ಸ್ಥಿತಿಯಲ್ಲಿಯೇ” ಎಂಬ ಷರತ್ತು ರೂಢಿಯಲ್ಲಿದೆ. ಖರೀದಿದಾರನು ತನ್ನ ವಾಹನ ತಂದು ಎತ್ತಿಕೊಂಡು ಹೋಗಬೇಕು. ಎತ್ತುವಾಗ ಮತ್ತು ಸಾಗಿಸುವಾಗ ಆಗುವ ಹಾನಿ ಅವನದು. ಆದರೆ ಹರಾಜು ಮುಗಿದ ದಿನದಿಂದ ಎತ್ತುವ ದಿನದವರೆಗಿನ ನಡುಗಾಲವನ್ನು ಮರೆಯಬಾರದು. ಆ ಅವಧಿಯಲ್ಲಿ ಮಾರಿದ ವಸ್ತು ಪಂಚಾಯಿತಿಯ ಸುಪರ್ದಿನಲ್ಲಿರುತ್ತದೆ. ಪರರ ವಸ್ತುವನ್ನು ಸುಪರ್ದಿನಲ್ಲಿ ಇಟ್ಟುಕೊಂಡವರು ಸಾಮಾನ್ಯ ವಿವೇಕವುಳ್ಳವರು ತಮ್ಮ ಸ್ವಂತ ವಸ್ತುವನ್ನು ನೋಡಿಕೊಳ್ಳುವಷ್ಟು ಜಾಗ್ರತೆ ವಹಿಸಬೇಕೆಂದು 1872ರ ಕರಾರು ಅಧಿನಿಯಮದ 151ನೇ ಪ್ರಕರಣ ಹೇಳುತ್ತದೆ. ಹರಾಜಾದ ಮೋಟಾರಿನ ತಾಮ್ರದ ತಂತಿ ರಾತ್ರೋರಾತ್ರಿ ಮಾಯವಾದರೆ ಇದ್ದ ಸ್ಥಿತಿಯ ಷರತ್ತು ನೆರವಿಗೆ ಬಾರದು. ಹರಾಜಿನ ದಿನದ ಚಿತ್ರ ಮತ್ತು ತೂಕ, ಬೀಗ ಹಾಕಿದ ಕೊಠಡಿ, ಎತ್ತಲು ಕೊನೆಯ ದಿನಾಂಕ ಹಾಗೂ ಅದರ ನಂತರದ ಬಾಡಿಗೆ ಇವಿಷ್ಟು ಹರಾಜು ಷರತ್ತಿನಲ್ಲಿಯೂ ಕಡತದಲ್ಲಿಯೂ ಇರತಕ್ಕದ್ದು.

ಜನರು ಕೇಳಿದಾಗ

ಮೊಬೈಲಿನಲ್ಲಿ ಕೊಂಡ ಮಿಕ್ಸಿ ಒಡೆದು ಬಂದಿದೆ, ಕಂಪನಿಯವರು ಕೊರಿಯರ್‌ನವರನ್ನು ಕೇಳಿ ಎನ್ನುತ್ತಿದ್ದಾರೆ ಎಂಬ ದೂರು ಈಗ ಗ್ರಾಮಸಭೆಗೂ ಬರುತ್ತದೆ. 2020ರ ಇ-ವಾಣಿಜ್ಯ ನಿಯಮಗಳಂತೆ ದೋಷವುಳ್ಳ ಸರಕನ್ನು ಹಿಂಪಡೆಯಲು ಅಥವಾ ಹಣ ಮರಳಿಸಲು ಮಾರಾಟಗಾರನು ನಿರಾಕರಿಸುವಂತಿಲ್ಲ. ವೇದಿಕೆಯ ಕುಂದುಕೊರತೆ ಅಧಿಕಾರಿಯು 48 ಗಂಟೆಗಳಲ್ಲಿ ದೂರಿಗೆ ಸ್ವೀಕೃತಿ ನೀಡಿ ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ಎರಡು ವರ್ಷಗಳೊಳಗೆ ದೂರು ಸಲ್ಲಿಸಬಹುದು. ತೆತ್ತ ಬೆಲೆ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ಮಾರುವವರು ವ್ಯಾಪಾರಿಯಲ್ಲದೆ ಹಳೆಯ ವಸ್ತುವನ್ನು ಮಾರಿದ ಖಾಸಗಿ ವ್ಯಕ್ತಿಯಾಗಿದ್ದರೆ ಈ ದಾರಿ ಸುಲಭವಲ್ಲ. ಅಲ್ಲಿ 1930ರ ಅಧಿನಿಯಮ ಮತ್ತು ಪರಸ್ಪರ ಮಾತುಕತೆಯ ದಾಖಲೆಯೇ ಆಧಾರ.

ಇದಕ್ಕಿಂತ ಹೆಚ್ಚು ಗಮನ ಬೇಕಾಗಿರುವುದು ಸಂಜೀವಿನಿ ಸ್ವಸಹಾಯ ಸಂಘಗಳ ಮಹಿಳೆಯರಿಗೆ. ಮಣ್ಣಿನ ಹೂಜಿ, ಉಪ್ಪಿನಕಾಯಿಯ ಜಾಡಿ, ಮರದ ಆಟಿಕೆಗಳನ್ನು ಆನ್‌ಲೈನ್‌ನಲ್ಲಿ ಮಾರುವಾಗ ಅವರೇ ಮಾರಾಟಗಾರರು; ಒಡೆದು ತಲುಪಿದ ಹೂಜಿಯ ಹಣ ಹಿಂದಿರುಗಿಸಬೇಕಾದವರೂ ಅವರೇ. ಅಂಚೆಯಲ್ಲಿ ಕಳುಹಿಸಿದರೆ ಇಲಾಖೆ ಭರಿಸುತ್ತದೆ ಎಂಬ ನಂಬಿಕೆ ಹಳ್ಳಿಗಳಲ್ಲಿ ಪ್ರಬಲವಾಗಿದೆ. 2023ರ ಅಂಚೆ ಕಚೇರಿ ಅಧಿನಿಯಮದ 10ನೇ ಪ್ರಕರಣದಂತೆ, ನಿಯಮಗಳಲ್ಲಿ ಗೊತ್ತುಪಡಿಸಿದ ಹೊಣೆಯ ಹೊರತು ಅಂಚೆ ಕಚೇರಿಗೆ ಬೇರೆ ಹೊಣೆಯಿಲ್ಲ. ಆದುದರಿಂದ ಬೆಲೆಯುಳ್ಳ ಪಾರ್ಸಲಿಗೆ ವಿಮೆಯ ಸೌಲಭ್ಯವಿದೆಯೇ, ಅದು ಒಡೆಯುವ ವಸ್ತುವಿಗೆ ಅನ್ವಯಿಸುತ್ತದೆಯೇ ಎಂದು ಕೌಂಟರಿನಲ್ಲಿಯೇ ವಿಚಾರಿಸಿ ಕಳುಹಿಸಬೇಕು. ಪ್ರತಿ ಹೂಜಿಯನ್ನು ಕಟ್ಟುವಾಗ ಒಂದು ನಿಮಿಷದ ವಿಡಿಯೊ ತೆಗೆದಿಟ್ಟುಕೊಳ್ಳುವುದು, ಪೆಟ್ಟಿಗೆಯನ್ನು ಕಟ್ಟಿದ ನಂತರ ಸೊಂಟದೆತ್ತರದಿಂದ ಒಮ್ಮೆ ಬೀಳಿಸಿ ನೋಡಿ ಒಳಗಿನದು ಉಳಿಯುವಷ್ಟು ಹುಲ್ಲು ಅಥವಾ ಕಾಗದ ತುಂಬುವುದು, ಪ್ಯಾಕಿಂಗ್ ವೆಚ್ಚವನ್ನು ಬೆಲೆಯಲ್ಲಿಯೇ ಸೇರಿಸುವುದು ಈ ಮೂರನ್ನು ಒಕ್ಕೂಟದ ಮಾಸಿಕ ಸಭೆಯಲ್ಲಿ ತೋರಿಸಿಕೊಡಬಹುದು. ಅದಕ್ಕೆ ಪಂಚಾಯಿತಿಯ ಸಭಾಂಗಣ ಮತ್ತು ಅರ್ಧ ದಿನ ಸಾಕು.